ಹಿಮ್ಮಡಿಯ ರಕ್ತವೂ ಹುಸಿ ಎಚ್ಚರಿಕೆಯೂ

ಇವತ್ತು ನಾನು ಹೇಳಹೊರಟಿರುವುದು ವೈದ್ಯರು ಹೇಳಬೇಕಾದ ವಿಷಯ. ನಾನು ವೈದ್ಯನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು, ಗುಮಾಸ್ತನಾಗಿಯೇ ನಿವೃತ್ತನಾದೆ. ಈಗ ಕಾಸರಗೋಡಿನ ಒಳಭಾಗದಲ್ಲಿ ಹಿರಿಯರು ಬಿಟ್ಟುಹೋದ ಸ್ವಲ್ಪ ಅಡಿಕೆ ತೋಟ ನೋಡಿಕೊಂಡಿದ್ದೇನೆ. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯ ನಂತರ ಈ ವಿಷಯವನ್ನು ತಿಳಿದವರಲ್ಲಿ ಕೇಳಿ, ಸಿಕ್ಕಿದ್ದನ್ನು ಓದಿ, ನನ್ನ ಬುದ್ಧಿಗೆ ನಿಲುಕಿದಷ್ಟು ಅರ್ಥ ಮಾಡಿಕೊಂಡೆ. ಅದನ್ನು ಮೊದಲೇ ತಿಳಿದಿದ್ದರೆ ನನ್ನ ಮಗಳು ಅಷ್ಟು ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆಯಬೇಕಾಗಿರಲಿಲ್ಲ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಬಸುರಿ ಇದ್ದರೆ, ಬಾಣಂತಿ ಇದ್ದರೆ, ಇದು ಅವರ ಉಪಯೋಗಕ್ಕೆ ಬರಲಿ ಎಂಬುದೇ ನನ್ನ ಆಸೆ.

ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಳಿಯ ಅಬುಧಾಬಿಯಲ್ಲಿ. ಒಂದು ಸೋಮವಾರ ಬೆಳಗ್ಗೆ ಹೆಣ್ಣು ಕೂಸು ಹುಟ್ಟಿತು. ಸುಖಪ್ರಸವ. ಬುಧವಾರ ಬೆಳಗ್ಗೆ ಮನೆಗೆ ಕಳುಹಿಸುವುದೆಂದು ತೀರ್ಮಾನವಾದ್ದರಿಂದ ಮಂಗಳವಾರ ಮಧ್ಯಾಹ್ನವೇ ನರ್ಸಮ್ಮ ಬಂದು ಮಗುವಿನ ಹಿಮ್ಮಡಿಗೆ ಸಣ್ಣ ಸೂಜಿ ಚುಚ್ಚಿ, ದಪ್ಪ ಕಾಗದದ ಮೇಲೆ ನಾಲ್ಕಾರು ಹನಿ ರಕ್ತ ಹಿಡಿದುಕೊಂಡು ಹೋದರು. ಯಾಕೆಂದು ನಾವು ಕೇಳಲಿಲ್ಲ. ಅವರೂ ಹೇಳಲಿಲ್ಲ. ಫಾರಂನಲ್ಲಿ ನನ್ನ ಮೊಬೈಲ್ ನಂಬರು ಬರೆಸಿಕೊಂಡರು.

ಶನಿವಾರ ಸಂಜೆ ಕರೆ ಬಂತು. ಮಾತು ಮಲಯಾಳದಲ್ಲಿ. ನನಗೆ ಮಲಯಾಳ ಬರುತ್ತದೆ, ಆದರೆ ಅದು ಬ್ಯಾಂಕಿನ ಮಲಯಾಳ, ಬಡ್ಡಿ ಮತ್ತು ಬಾಕಿಯ ಮಲಯಾಳ. ಆಸ್ಪತ್ರೆಯ ಮಾತು ಬೇರೆ. ಆಚೆಯವರು ಮೊದಲಿಗೇ "ಪೇಡಿಕ್ಕಂಡ" ಎಂದರು, ಹೆದರಬೇಡಿ ಎಂದು. ಹೆದರಬೇಡಿ ಎಂದು ಶುರುವಾದ ಮಾತನ್ನು ಹೆದರದೆ ಕೇಳಿದವರು ಯಾರಿದ್ದಾರೆ? ಮಗುವಿನ ಥೈರಾಯ್ಡ್ ಪರೀಕ್ಷೆಯಲ್ಲಿ ಯಾವುದೋ ಅಂಶ ಹೆಚ್ಚು ಬಂದಿದೆ, ಸೋಮವಾರ ಮಗುವನ್ನು ಕರೆದುಕೊಂಡು ಬನ್ನಿ ಎಂಬಷ್ಟು ನನ್ನ ತಲೆಗೆ ಹೋಯಿತು. ಉಳಿದದ್ದು ಹೋಗಲಿಲ್ಲ.

ಒಳಗೆ ನೋಡಿದರೆ ಮಗಳು ಮಗುವಿಗೆ ಹಾಲುಣಿಸುತ್ತಿದ್ದಳು. ಐದು ದಿನದ ಬಾಣಂತಿಗೆ ಇದನ್ನು ಹೇಳುವುದು ಹೇಗೆ? ನಾನು ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಭಾನುವಾರ ಇಡೀ ಹಗಲು ತೋಟದಲ್ಲೇ ಕಳೆದೆ. ಸಂಜೆ ಪರಿಚಯದ ಒಬ್ಬರಿಗೆ ಫೋನು ಮಾಡಿ ಮೆಲ್ಲನೆ ವಿಚಾರಿಸುತ್ತಿದ್ದಾಗ ಅವಳು ನನ್ನ ಹಿಂದೆಯೇ ಬಂದು ನಿಂತಿದ್ದಳು. ಅವಳು ಅಳಲಿಲ್ಲ. "ಅಪ್ಪ, ನಿನ್ನೆಯೇ ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು. ಅಷ್ಟೇ.

ಸೋಮವಾರ ಮತ್ತೆ ರಕ್ತ ಕೊಟ್ಟು ಬಂದೆವು. ಗುರುವಾರ ಹನ್ನೊಂದನೆಯ ದಿನದ ಪುಣ್ಯಾಹ. ವರದಿ ಬಂದಿರಲಿಲ್ಲ. ನೆಂಟರಿಷ್ಟರ ನಡುವೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗ ತಾಯಿಯ ಕಣ್ಣಲ್ಲಿ ನೀರು. ಸಂತೋಷಕ್ಕೆ ಎಂದು ಬಂದವರು ತಿಳಿದುಕೊಂಡರು. ಶುಕ್ರವಾರ ಆಸ್ಪತ್ರೆಯಿಂದ ಮೆಸೇಜು ಬಂತು. ಮಗುವಿನ ಪರೀಕ್ಷೆ ನಾರ್ಮಲ್, ಮುಂದೆ ಏನೂ ಬೇಡ. ನನ್ನ ಹೆಂಡತಿ ಮಧೂರಿನ ಗಣಪತಿಗೆ ಹೇಳಿಕೊಂಡಿದ್ದ ಅಪ್ಪದ ಹರಕೆಗೆ ಅಂದೇ ಹಣ ತೆಗೆದಿಟ್ಟಳು. ನಾನು ಎಲ್ಲ ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಅಳಿಯ ಅಲ್ಲಿಂದ ಅಂತರ್ಜಾಲದಲ್ಲಿ ನೋಡಿ, ಚಿಕಿತ್ಸೆ ಸಿಗದ ಮಕ್ಕಳ ಚಿತ್ರಗಳನ್ನು ಕಂಡು, ನಾಲಗೆ ದಪ್ಪವಾಗುತ್ತದಂತೆ, ಮಗು ಹೆಚ್ಚು ಮಲಗುತ್ತದಂತೆ ಎಂದು ಹೇಳಿದ್ದ. ಮಗಳು ರಾತ್ರಿ ಎದ್ದು ಟಾರ್ಚು ಹಾಕಿ ಮಗುವಿನ ಬಾಯಿ ತೆರೆದು ನಾಲಗೆ ನೋಡುತ್ತಿದ್ದಳು. ಮಗು ಎರಡು ಗಂಟೆ ಒಂದೇ ಸಮನೆ ಮಲಗಿದರೆ ಎಬ್ಬಿಸುತ್ತಿದ್ದಳು. "ನಾರ್ಮಲ್ ಎಂದು ಹೇಳಿದ್ದಾರಲ್ಲ ಮಗಳೇ" ಎಂದು ನಾನು ಒಮ್ಮೆ ಹೇಳಿದೆ. ಅವಳು ಕೊಟ್ಟ ಉತ್ತರ ನನಗೆ ಇವತ್ತಿಗೂ ನೆನಪಿದೆ. "ಮೊದಲ ಸಲ ಅವರದ್ದು ತಪ್ಪಿದ್ದರೆ ಎರಡನೆಯ ಸಲ ತಪ್ಪುವುದಿಲ್ಲ ಎಂದು ಹೇಗೆ ನಂಬಲಿ? ನೀವೂ ಒಂದು ದಿನ ಮುಚ್ಚಿಟ್ಟವರೇ ಅಲ್ಲವಾ ಅಪ್ಪ."

ಕೇಳುಗರೇ, ಈ ಎರಡು ಮಾತಿಗೆ ಉತ್ತರ ಹುಡುಕುತ್ತಾ ನಾನು ಕಲಿತದ್ದನ್ನು ಈಗ ಹೇಳುತ್ತೇನೆ.

ಮೊದಲನೆಯದಾಗಿ, ಈ ಪರೀಕ್ಷೆ ಏಕೆ? ನಮ್ಮ ಗಂಟಲಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಒಂದು ಗ್ರಂಥಿ ಇದೆ. ಅದೇ ಥೈರಾಯ್ಡ್. ಅದರಿಂದ ಬರುವ ರಸ ಮಗುವಿನ ಮಿದುಳು ಬೆಳೆಯಲು ಬೇಕೇ ಬೇಕು. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಈ ಗ್ರಂಥಿ ಇರುವುದಿಲ್ಲ, ಅಥವಾ ಇದ್ದರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಗು ಮಾತ್ರ ನೋಡುವುದಕ್ಕೆ ಗುಂಡುಗುಂಡಾಗಿ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಹೊಟ್ಟೆಯಲ್ಲಿರುವಾಗ ತಾಯಿಯ ರಸ ಅದನ್ನು ಕಾಪಾಡಿರುತ್ತದೆ. ತಿಂಗಳುಗಳು ಕಳೆದು ಲಕ್ಷಣಗಳು ಕಣ್ಣಿಗೆ ಕಾಣುವ ಹೊತ್ತಿಗೆ ಬುದ್ಧಿಗೆ ಆಗುವ ನಷ್ಟ ಆಗಿಹೋಗಿರುತ್ತದೆ. ಮೊದಲ ಎರಡು ವಾರಗಳ ಒಳಗೆ ಪತ್ತೆ ಹಚ್ಚಿ, ದಿನಕ್ಕೊಂದು ಸಣ್ಣ ಮಾತ್ರೆಯನ್ನು ಪುಡಿ ಮಾಡಿ ಎದೆಹಾಲಿನಲ್ಲಿ ಕಲಸಿ ಕೊಡಲು ತೊಡಗಿದರೆ ಆ ಮಗು ಎಲ್ಲ ಮಕ್ಕಳಂತೆ ಬೆಳೆಯುತ್ತದೆ, ಓದುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ನಷ್ಟವನ್ನು ತಡೆಯುವ ಉಪಾಯಗಳು ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ.

ಹಿಮ್ಮಡಿಯ ರಕ್ತವನ್ನು ಕಾಗದಕ್ಕೆ ಹೀರಿಸಿ ಪರೀಕ್ಷಿಸುವ ಕ್ರಮವನ್ನು 1960ರ ದಶಕದ ಆರಂಭದಲ್ಲಿ ಬಳಕೆಗೆ ತಂದವರು ಅಮೆರಿಕದ ರಾಬರ್ಟ್ ಗತ್ರಿ ಎಂಬ ವಿಜ್ಞಾನಿ. ಅದು ಬೇರೊಂದು ಕಾಯಿಲೆಗಾಗಿ, ಫಿನೈಲ್‌ಕೀಟೋನೂರಿಯ ಎಂಬುದಕ್ಕಾಗಿ. 1970ರ ದಶಕದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಅದೇ ಕಾಗದದ ಹನಿಯಿಂದ ಥೈರಾಯ್ಡ್ ಕೊರತೆಯನ್ನೂ ಹುಡುಕಲು ಆರಂಭಿಸಿದರು. ನಮ್ಮ ಬೆಂಗಳೂರಿನಲ್ಲಿಯೂ 1980ರ ದಶಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಸುಗೂಸುಗಳ ರಕ್ತವನ್ನು ಇಂಥ ಹುಟ್ಟುಕಾಯಿಲೆಗಳಿಗಾಗಿ ಪರೀಕ್ಷಿಸಿದ್ದರು. ಈಗ ಕೇರಳದಲ್ಲಿ ಸರ್ಕಾರವೇ 'ಶಲಭಂ' ಎಂಬ ಹೆಸರಿನಲ್ಲಿ ನವಜಾತ ಶಿಶುಗಳ ತಪಾಸಣೆ ನಡೆಸುತ್ತದೆ. ಹೃದಯ, ಕಿವಿ, ರಕ್ತದ ಹನಿ ಎಲ್ಲವೂ ಅದರಲ್ಲಿ ಸೇರಿವೆ.

ಎರಡನೆಯದು, ಆರೋಗ್ಯವಾಗಿರುವ ಮಗುವಿಗೂ ಎಚ್ಚರಿಕೆ ಬರುವುದೇಕೆ? ನನ್ನನ್ನು ಬಹಳ ಕಾಡಿದ ಪ್ರಶ್ನೆ ಇದು.

ಪರೀಕ್ಷೆಯಲ್ಲಿ ಅಳೆಯುವುದು ಸಾಮಾನ್ಯವಾಗಿ ಟಿ.ಎಸ್.ಎಚ್. ಎಂಬ ಅಂಶವನ್ನು. ಥೈರಾಯ್ಡ್ ಗ್ರಂಥಿಗೆ 'ಕೆಲಸ ಮಾಡು, ಕೆಲಸ ಮಾಡು' ಎಂದು ಮಿದುಳಿನ ಬುಡದಿಂದ ಹೋಗುವ ಆಜ್ಞೆ ಅದು. ಗ್ರಂಥಿ ಸೋಮಾರಿಯಾದರೆ ಆಜ್ಞೆಯ ದನಿ ಏರುತ್ತದೆ. ಆದುದರಿಂದ ಟಿ.ಎಸ್.ಎಚ್. ಹೆಚ್ಚಿದ್ದರೆ ಗ್ರಂಥಿಯ ಮೇಲೆ ಸಂಶಯ. ಆದರೆ ಹುಟ್ಟಿದ ಕ್ಷಣದಲ್ಲಿ ಒಂದು ವಿಶೇಷ ನಡೆಯುತ್ತದೆ. ತಾಯಿಯ ಹೊಟ್ಟೆಯ ಬಿಸುಪಿನಿಂದ ಹೊರಗೆ ಬಂದು, ಹೊಕ್ಕುಳಬಳ್ಳಿ ಕತ್ತರಿಸಿ, ತಂಪು ಗಾಳಿ ತಾಗಿದ ಕೂಡಲೇ ಎಲ್ಲ ಮಕ್ಕಳಲ್ಲಿಯೂ ಈ ಟಿ.ಎಸ್.ಎಚ್. ಒಮ್ಮೆ ಜೋರಾಗಿ ಮೇಲೇರುತ್ತದೆ. ಮೊದಲ ಅರ್ಧ ಗಂಟೆಯಲ್ಲಿ ಅದು 60, 80ರವರೆಗೂ ಹೋಗುವುದುಂಟು. ನಂತರ ಇಳಿಯತೊಡಗುತ್ತದೆ, ಎರಡು ಮೂರು ದಿನಗಳಲ್ಲಿ ತನ್ನ ಮಟ್ಟಕ್ಕೆ ಬರುತ್ತದೆ. ಹೀಗಾಗಿ ಹುಟ್ಟಿ 48 ಗಂಟೆ ತುಂಬಿದ ಮೇಲೆ ರಕ್ತ ತೆಗೆಯುವುದು ಒಳ್ಳೆಯದು. ನಮ್ಮ ಮಗುವಿನ ರಕ್ತ ತೆಗೆದದ್ದು ಸುಮಾರು 30 ಗಂಟೆಗೆ. ಇಳಿಯುತ್ತಿದ್ದ ಏಣಿಯ ನಡುವಿನ ಮೆಟ್ಟಿಲಲ್ಲಿ ಅಳೆದು ನೋಡಿದ್ದರು. ಸಂಶಯದ ಗೆರೆ 20 ಇದ್ದರೆ ನಮ್ಮ ಮಗುವಿನದು 26.

ಇದೊಂದೇ ಕಾರಣವೆಂದಲ್ಲ. ದಿನ ತುಂಬದೆ ಹುಟ್ಟಿದ ಮಕ್ಕಳು, ತೂಕ ಕಡಿಮೆ ಇರುವ ಮಕ್ಕಳು, ಕಾಯಿಲೆಯಿಂದ ತೀವ್ರ ನಿಗಾ ಘಟಕದಲ್ಲಿರುವ ಮಕ್ಕಳು, ಇವರಲ್ಲಿ ಅಂಕಿಗಳು ಏರುಪೇರಾಗುತ್ತವೆ. ಹೆರಿಗೆಯ ಹೊತ್ತಿನಲ್ಲಿ ಹಚ್ಚುವ ಅಯೋಡಿನ್ ಇರುವ ಕಂದು ಬಣ್ಣದ ಔಷಧಿಯಿಂದಲೂ, ತಾಯಿ ಸೇವಿಸುತ್ತಿರುವ ಕೆಲವು ಥೈರಾಯ್ಡ್ ಮದ್ದುಗಳಿಂದಲೂ ಮಗುವಿನ ಅಂಕಿ ತಾತ್ಕಾಲಿಕವಾಗಿ ಮೇಲೇರಬಹುದು. ಕಾಗದದ ಒಂದೇ ವೃತ್ತದಲ್ಲಿ ಎರಡು ಹನಿ ಒಂದರ ಮೇಲೊಂದು ಬಿದ್ದರೂ ಲೆಕ್ಕ ತಪ್ಪುತ್ತದೆ. ಜಿ-6-ಪಿ.ಡಿ. ಎಂಬ ಇನ್ನೊಂದು ಪರೀಕ್ಷೆಯಲ್ಲಿ ಆ ಕಾಗದಕ್ಕೆ ಸೆಕೆ ಮತ್ತು ತೇವ ತಾಗಿದರೂ ಸಾಕು, ಇಲ್ಲದ ಕೊರತೆ ಇದೆಯೆಂದು ತೋರಬಹುದು. ಕಿವಿಯ ಪರೀಕ್ಷೆಯನ್ನು ಮೊದಲ ದಿನವೇ ಮಾಡಿದರೆ ಮಗುವಿನ ಕಿವಿಯಲ್ಲಿ ಇನ್ನೂ ನೀರಿನಂಶ ಉಳಿದಿದ್ದು, ಚೆನ್ನಾಗಿ ಕೇಳುವ ಮಗುವೂ ಆ ಯಂತ್ರದ ಎದುರು ನಪಾಸಾಗುತ್ತದೆ.

ಇದನ್ನು ನನಗೆ ಅರ್ಥವಾಗುವ ಹಾಗೆ ನಾನು ಬ್ಯಾಂಕಿನ ಭಾಷೆಗೆ ತಿರುಗಿಸಿಕೊಂಡೆ. ಹಣ ತೆಗೆಯುವ ಚೀಟಿಯಲ್ಲಿ ಗಿರಾಕಿಯ ಸಹಿಯನ್ನು ನಾವು ಮಾದರಿ ಸಹಿಯ ಕಾರ್ಡಿನೊಡನೆ ಹೋಲಿಸಿ ನೋಡುತ್ತಿದ್ದೆವು. ಸ್ವಲ್ಪ ವ್ಯತ್ಯಾಸ ಕಂಡರೆ "ಇನ್ನೊಮ್ಮೆ ಸಹಿ ಹಾಕಿ" ಎನ್ನುತ್ತಿದ್ದೆವು. ಹಾಗೆಂದರೆ ಆತ ಕಳ್ಳನೆಂದು ಅರ್ಥವೇ? ಅಲ್ಲ. ವಯಸ್ಸಾಗಿ ಕೈ ನಡುಗಿರಬಹುದು, ಪೆನ್ನು ಸರಿ ಇಲ್ಲದಿರಬಹುದು, ಅವಸರವಾಗಿರಬಹುದು. ನೂರು ಜನರಿಗೆ ಮರುಸಹಿ ಹಾಕಿಸಿದರೆ ಅವರಲ್ಲಿ ಮೋಸಗಾರ ಒಬ್ಬನೋ, ಒಬ್ಬನೂ ಇಲ್ಲವೋ. ಆದರೂ ನಾವು ಹಾಕಿಸುತ್ತಿದ್ದೆವು, ಏಕೆಂದರೆ ಆ ಒಬ್ಬನನ್ನು ಬಿಟ್ಟರೆ ಯಾರದೋ ಜೀವಮಾನದ ಉಳಿತಾಯ ಹೋಗುತ್ತದೆ. ಹಿಮ್ಮಡಿಯ ರಕ್ತದ ಪರೀಕ್ಷೆಯೂ ಹೀಗೆಯೇ. ಅದು ಜರಡಿ. ರೋಗ ಇದೆಯೋ ಇಲ್ಲವೋ ಎಂದು ತೀರ್ಪು ಕೊಡುವ ಪರೀಕ್ಷೆ ಎರಡನೆಯದು. ಜರಡಿಯ ಕಣ್ಣನ್ನು ಬೇಕೆಂದೇ ಸಣ್ಣದಾಗಿ ಇಟ್ಟಿರುತ್ತಾರೆ, ಒಂದು ಮಗುವೂ ತಪ್ಪಿ ಹೋಗಬಾರದೆಂದು.

ಸ್ವಲ್ಪ ಲೆಕ್ಕ ಹಾಕೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೆಹಲಿ, ಮುಂಬಯಿ, ಕಲ್ಕತ್ತಾ, ಚೆನ್ನೈ, ಹೈದರಾಬಾದುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿತು. 2018ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ಸುಮಾರು 1,130 ಮಕ್ಕಳಲ್ಲಿ ಒಂದು ಮಗುವಿಗೆ ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ. ಅಂದರೆ 10,000 ಮಕ್ಕಳಲ್ಲಿ 9 ಮಕ್ಕಳು. ಇನ್ನು ಲೆಕ್ಕಕ್ಕಾಗಿ, ನೂರಕ್ಕೆ ಒಂದು ಮಗುವನ್ನು ಮರುಪರೀಕ್ಷೆಗೆ ಕರೆಯುತ್ತಾರೆ ಎಂದು ಇಟ್ಟುಕೊಳ್ಳೋಣ. ಇದು ನಾನು ಹಿಡಿದ ಅಂದಾಜು ಮಾತ್ರ. ಆಗ 10,000ದಲ್ಲಿ 100 ಮನೆಗಳಿಗೆ ಫೋನು ಹೋಗುತ್ತದೆ. ಅವುಗಳಲ್ಲಿ ನಿಜವಾಗಿ ಕಾಯಿಲೆ ಇರುವುದು 9 ಮನೆಗಳಲ್ಲಿ. ಉಳಿದ 91 ಮನೆಗಳಲ್ಲಿ ಮಗು ಚೆನ್ನಾಗಿದೆ. ಆದರೆ ಫೋನು ಇಟ್ಟ ಹೊತ್ತಿಗೆ ನೂರು ಮನೆಗಳಲ್ಲಿಯೂ ಎದೆ ಒಂದೇ ರೀತಿ ಹೊಡೆದುಕೊಳ್ಳುತ್ತದೆ.

ಮೂರನೆಯದಾಗಿ, ಆ ಹೊಡೆದುಕೊಂಡ ಎದೆಯ ಕಥೆ. ಮಗು ಚೆನ್ನಾಗಿದೆ ಎಂದ ಮೇಲೆ ಭಯ ಹೋಗಬೇಕಲ್ಲ ಎಂದು ನಾವು ಗಂಡಸರು ಸುಲಭವಾಗಿ ಹೇಳುತ್ತೇವೆ. ಕತ್ತಲಲ್ಲಿ ಹಗ್ಗವನ್ನು ಕಂಡು ಹಾವೆಂದು ಹೆದರಿದವನಿಗೆ ದೀಪ ತಂದು ತೋರಿಸಿದರೆ ಹಾವು ಮಾಯವಾಗುತ್ತದೆ, ನಿಜ. ಕಾಲಿನ ನಡುಕ ಮಾತ್ರ ಅಷ್ಟು ಬೇಗ ನಿಲ್ಲುವುದಿಲ್ಲ. ಇದನ್ನು ತಿಳಿದವರು ಅಳೆದು ನೋಡಿದ್ದಾರೆ.

ಸ್ವೀಡನ್ ದೇಶದಲ್ಲಿ ಇದೇ ಥೈರಾಯ್ಡ್ ಪರೀಕ್ಷೆಯಲ್ಲಿ ಹುಸಿ ಎಚ್ಚರಿಕೆ ಬಂದ 102 ಕುಟುಂಬಗಳನ್ನು ಮಾತನಾಡಿಸಿ 1983ರಲ್ಲಿ ವರದಿ ಬರೆದರು. ನಾಲ್ಕು ವರ್ಷಗಳ ನಂತರ ಮತ್ತೆ ಹೋಗಿ ವಿಚಾರಿಸಿದರು. ಹೆಚ್ಚಿನವರು ಸುಧಾರಿಸಿಕೊಂಡಿದ್ದರೂ ಕೆಲವು ಮನೆಗಳಲ್ಲಿ ಅಳುಕು ಉಳಿದೇ ಇತ್ತು. ಅಮೆರಿಕದ ಬಾಸ್ಟನ್ನಿನ ಸೂಸನ್ ವೈಸ್‌ಬ್ರೆನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಸಿ ಎಚ್ಚರಿಕೆ ಬಂದ ಮಕ್ಕಳ ತಾಯಂದಿರಲ್ಲಿ ಒತ್ತಡ ಹೆಚ್ಚಾಗಿತ್ತು. ಆ ಮಕ್ಕಳಲ್ಲಿ ನೂರಕ್ಕೆ 21 ಮಕ್ಕಳು ಆಸ್ಪತ್ರೆ ಸೇರಿದ್ದರೆ, ಮೊದಲ ಪರೀಕ್ಷೆಯಲ್ಲೇ ಸರಿ ಬಂದ ಮಕ್ಕಳಲ್ಲಿ ನೂರಕ್ಕೆ 10. ಇನ್ನು ಕೆಲವು ಅಧ್ಯಯನಗಳಲ್ಲಿ ಇಷ್ಟು ದೀರ್ಘ ಪರಿಣಾಮ ಕಂಡಿಲ್ಲ ಎಂಬುದನ್ನೂ ಹೇಳಬೇಕು. ಎಲ್ಲರಿಗೂ ಹೀಗಾಗುತ್ತದೆ ಎಂದು ಯಾರೂ ಗಾಬರಿಪಡಬೇಕಾಗಿಲ್ಲ.

ಇದಕ್ಕೂ ಹಿಂದೆ, 1964ರಲ್ಲಿ, ಗ್ರೀನ್ ಮತ್ತು ಸಾಲ್ನಿಟ್ ಎಂಬ ಇಬ್ಬರು ಅಮೆರಿಕದ ವೈದ್ಯರು ಒಂದು ಸಂಗತಿಯನ್ನು ಗಮನಿಸಿ ಬರೆದಿದ್ದರು. ಒಮ್ಮೆ 'ಮಗು ಕೈತಪ್ಪಿ ಹೋಗುತ್ತದೋ' ಎಂದು ಹೆದರಿದ ತಂದೆತಾಯಿ, ಮಗು ಪೂರ್ತಿ ಗುಣವಾದ ಮೇಲೂ ಅದನ್ನು ನಾಜೂಕಿನ ಮಗುವೆಂದೇ ಸಾಕುತ್ತಾರೆ. ಬಿಸಿಲಿಗೆ ಬಿಡುವುದಿಲ್ಲ, ಆಟಕ್ಕೆ ಬಿಡುವುದಿಲ್ಲ, ಸಣ್ಣ ಶೀತಕ್ಕೂ ವೈದ್ಯರಲ್ಲಿಗೆ ಓಡುತ್ತಾರೆ. ಕೊನೆಗೆ ಮಗುವೂ ತನ್ನನ್ನು ಹಾಗೆಯೇ ತಿಳಿಯತೊಡಗುತ್ತದೆ. ನಮ್ಮೂರಿನಲ್ಲಿ 'ಸಣ್ಣದಿರುವಾಗ ಏನೋ ಆಗಿತ್ತಂತೆ' ಎಂಬ ಮಾತು ಒಂದು ಹೆಣ್ಣುಮಗುವಿನ ಬೆನ್ನು ಹತ್ತಿದರೆ ಮದುವೆಯ ಮಾತಿನವರೆಗೂ ಬಿಡುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತು.

ಹಾಗಾದರೆ ಈ ಭಯಕ್ಕೆ ಮದ್ದು ಯಾವುದು? ಬಾಸ್ಟನ್ನಿನ ಅದೇ ತಂಡದವರು 2006ರಲ್ಲಿ ಬರೆದ ಇನ್ನೊಂದು ವರದಿಯಲ್ಲಿ ಅದರ ಸುಳಿವಿದೆ. ಮರುಪರೀಕ್ಷೆ ಯಾಕೆ ಬೇಕಾಯಿತು ಎಂಬ ಕಾರಣ ಸರಿಯಾಗಿ ತಿಳಿದಿದ್ದ ತಾಯಂದಿರಲ್ಲಿ, ತಿಳಿಯದಿದ್ದವರಿಗಿಂತ ಒತ್ತಡ ಕಡಿಮೆ ಇತ್ತು. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಅದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೆ.

ಮಗುವಿಗೆ ಹದಿನಾಲ್ಕನೆಯ ವಾರದ ಚುಚ್ಚುಮದ್ದು ಕೊಡಿಸಲು ಹೋದಾಗ ಅಲ್ಲಿದ್ದ ಜೆ.ಪಿ.ಎಚ್.ಎನ್. ಸಿಸ್ಟರ್ ಕನ್ನಡದವರು. ಮಗಳ ಮುಖ ನೋಡಿ, "ಏನು, ನಿದ್ದೆ ಇಲ್ಲವಾ?" ಎಂದು ಕೇಳಿದರು. ಅವಳು ಎಲ್ಲ ಹೇಳಿದಳು. ಸಿಸ್ಟರ್ ಹಳೆಯ ಕಾಗದಗಳನ್ನು ತೆಗೆಸಿ ನೋಡಿದರು. ಹುಟ್ಟಿದ ಸಮಯ, ರಕ್ತ ತೆಗೆದ ಸಮಯ ಎರಡರ ಮೇಲೂ ಬೆರಳಿಟ್ಟು ಲೆಕ್ಕ ಹಾಕಿದರು. "ಮೂವತ್ತೇ ಗಂಟೆ ಆಗಿತ್ತು ನೋಡು. ಆ ಹೊತ್ತಿಗೆ ಎಲ್ಲ ಮಕ್ಕಳದ್ದೂ ಸ್ವಲ್ಪ ಹೆಚ್ಚೇ ಇರುತ್ತದೆ. ಎರಡನೆಯ ಸಲ ತೆಗೆದದ್ದು ಎಂಟನೆಯ ದಿನ. ಆಗ ಮೂರು ಬಂದಿದೆ. ಪರೀಕ್ಷೆ ತಪ್ಪಿದ್ದಲ್ಲ, ಬೇಗ ಆದದ್ದು" ಎಂದರು. ಒಟ್ಟು ಐದು ನಿಮಿಷದ ಮಾತು. ಮನೆಗೆ ಬರುವಾಗ ರಿಕ್ಷಾದಲ್ಲಿ ಮಗಳು ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಟಾರ್ಚು ಮರಳಿ ಅದರ ಮೊಳೆಗೆ ಹೋಗಿ ತೂಗಿತು.

'ನಾರ್ಮಲ್' ಎಂಬ ಒಂದು ಶಬ್ದ ಮಾಡಲಾಗದ ಕೆಲಸವನ್ನು 'ಯಾಕೆ' ಎಂಬುದರ ಉತ್ತರ ಮಾಡಿತು. ಅದೂ ಅವಳ ಭಾಷೆಯಲ್ಲಿ. ಗಡಿಭಾಗದಲ್ಲಿರುವ ನಮಗೆ ಇದು ಮುಖ್ಯವಾದ ಮಾತು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಡನೆ ಕನ್ನಡದಲ್ಲಿಯೇ ವ್ಯವಹರಿಸಲು ಅವಕಾಶವಿದೆ. ಅರ್ಜಿ, ಆದಾಯ ಪತ್ರಗಳ ವಿಷಯದಲ್ಲಿ ನಾವು ಈ ಹಕ್ಕನ್ನು ಎತ್ತಿ ಹೇಳುತ್ತೇವೆ. ಆದರೆ ಒಂದು ಹಸುಗೂಸಿನ ವಿಷಯ ಬಂದಾಗ ಫೋನಿನಲ್ಲಿ "ಶರಿ, ಶರಿ" ಎಂದು ತಲೆಯಾಡಿಸಿ ಇಟ್ಟುಬಿಡುತ್ತೇವೆ. ಅರ್ಥವಾಗಲಿಲ್ಲ ಎಂದು ಹೇಳಲು ನಾಚಿಕೆ. ನಾನು ಮಾಡಿದ್ದೂ ಅದನ್ನೇ.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ನನ್ನ ಮಾತು ಉಪಕಾರಕ್ಕಿಂತ ಅಪಕಾರ ಮಾಡೀತು. 'ಹೆಚ್ಚಾಗಿ ಹುಸಿಯೇ ಅಂತೆ, ರೇಡಿಯೋದಲ್ಲಿ ಹೇಳಿದರು' ಎಂದು ಯಾರೂ ಮರುಪರೀಕ್ಷೆಯನ್ನು ತಪ್ಪಿಸಬಾರದು. 91 ಮನೆಗಳ ಲೆಕ್ಕ ಹೇಳಿದೆ, ಉಳಿದ 9 ಮನೆಗಳನ್ನು ಮರೆಯಬಾರದು. ಅಮೆ ಕಳೆಯಲಿ, ನಲವತ್ತು ಆಗಲಿ, ಮಳೆ ನಿಲ್ಲಲಿ ಎಂದು ಕಾಯುವ ವಿಷಯ ಇದಲ್ಲ. 'ಮಗು ನೋಡಿದರೆ ಚೆನ್ನಾಗಿಯೇ ಇದೆಯಲ್ಲ' ಎಂಬ ಅಜ್ಜಿಯ ಮಾತನ್ನೂ ಇಲ್ಲಿ ಒಪ್ಪುವ ಹಾಗಿಲ್ಲ. ಕಾಯಿಲೆ ಇರುವ ಮಗುವೂ ಹಾಗೆಯೇ ಕಾಣುತ್ತದೆ ಎಂದು ಆಗಲೇ ಹೇಳಿದೆ. 2018ರ ಭಾರತೀಯ ಮಕ್ಕಳ ಹಾರ್ಮೋನು ತಜ್ಞರ ಮಾರ್ಗಸೂಚಿಯ ಪ್ರಕಾರ ಅಂಕಿ 40ನ್ನು ದಾಟಿದ್ದರೆ ತಡಮಾಡದೆ ರಕ್ತನಾಳದಿಂದ ರಕ್ತ ತೆಗೆದು ನೋಡಬೇಕು. 20ರಿಂದ 40ರ ನಡುವೆ ಇದ್ದರೆ ಮಗುವಿಗೆ 7ರಿಂದ 10 ದಿನವಾದಾಗ ಮತ್ತೆ ನೋಡಬೇಕು. ಕರೆದ ದಿನ ಹೋಗುವುದು ನಮ್ಮ ಕೆಲಸ. ಭಯವನ್ನು ಮನೆಯಲ್ಲಿಟ್ಟು ಹೋಗಲಾಗದಿದ್ದರೆ ಭಯವನ್ನೂ ಎತ್ತಿಕೊಂಡೇ ಹೋಗಬೇಕು.

ಇನ್ನು, ಫೋನು ಬಂದಾಗ ಏನು ಕೇಳಬೇಕು? ಕಾಗದ, ಪೆನ್ನು ಹತ್ತಿರವಿದ್ದರೆ ಬರೆದುಕೊಳ್ಳಿ.

ಒಂದು: ಯಾವ ಕಾಯಿಲೆಯ ಪರೀಕ್ಷೆ ಇದು? ಹೆಸರನ್ನು ನಿಧಾನವಾಗಿ ಹೇಳಿಸಿ, ಬರೆದುಕೊಳ್ಳಿ.

ಎರಡು: ಮಗುವಿನ ಅಂಕಿ ಎಷ್ಟು, ಸಂಶಯದ ಗೆರೆ ಎಷ್ಟು? ಗೆರೆಯ ಪಕ್ಕದಲ್ಲಿರುವುದಕ್ಕೂ ಬಹಳ ಮೇಲಿರುವುದಕ್ಕೂ ಅಂತರವಿದೆ.

ಮೂರು: ಮೊದಲ ರಕ್ತ ತೆಗೆಯುವಾಗ ಮಗುವಿಗೆ ಎಷ್ಟು ಗಂಟೆಯಾಗಿತ್ತು? ದಿನ ತುಂಬಿ ಹುಟ್ಟಿತ್ತೇ, ತೂಕ ಎಷ್ಟಿತ್ತು?

ನಾಲ್ಕು: ಮರುಪರೀಕ್ಷೆ ಎಂದು, ಎಲ್ಲಿ, ಫಲಿತಾಂಶ ಯಾವ ದಿನ, ಯಾರು ಹೇಳುತ್ತಾರೆ? ಅಷ್ಟರವರೆಗೆ ಹಾಲು, ಸ್ನಾನ ಎಂದಿನಂತೆ ನಡೆಯಬಹುದೇ?

ಐದು: ಫಲಿತಾಂಶ ಸರಿ ಬಂದರೆ, ಮೊದಲು ಯಾಕೆ ಹಾಗೆ ಬಂದಿತ್ತು? ಇದನ್ನು ತಾಯಿಯ ಎದುರಿನಲ್ಲಿ, ತಾಯಿಗೆ ತಿಳಿಯುವ ಭಾಷೆಯಲ್ಲಿ ಹೇಳಿಸಿ. ಮಗುವಿನ ಪುಸ್ತಕದಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಮುಂದೆ ಬೇರೆ ವೈದ್ಯರ ಹತ್ತಿರ ಹೋದಾಗ ಮತ್ತೆ ಮೊದಲಿನಿಂದ ಹೆದರಬೇಕಾಗುವುದಿಲ್ಲ.

ಮನೆಯ ಹಿರಿಯರಿಗೆ ಎರಡು ಮಾತು. ಬಾಣಂತಿಯಿಂದ ಸುದ್ದಿ ಮುಚ್ಚಿಡಬೇಡಿ. ಪ್ರೀತಿಯಿಂದಲೇ ಮುಚ್ಚಿಡುತ್ತೇವೆ, ಸರಿ. ಆದರೆ ಕೆಟ್ಟ ಸುದ್ದಿಯನ್ನು ಮುಚ್ಚಿಟ್ಟವರು ಒಳ್ಳೆಯ ಸುದ್ದಿ ತಂದಾಗಲೂ ಅವಳಿಗೆ ನಂಬಿಕೆ ಬರುವುದಿಲ್ಲ. ನಾನು ಉಳಿಸಿದೆ ಎಂದುಕೊಂಡ ಒಂದು ದಿನದ ಅಳುವಿಗೆ ಅವಳು ಮೂರು ತಿಂಗಳ ಬಡ್ಡಿ ಕಟ್ಟಿದಳು. ಇನ್ನು, ಬಸುರಿನಲ್ಲಿ ಏನು ತಿಂದದ್ದು, ಗ್ರಹಣದ ದಿನ ಹೊರಗೆ ಬಂದದ್ದು, ಯಾರ ದೃಷ್ಟಿ ತಾಗಿದ್ದು ಎಂಬ ವಿಚಾರಣೆ ಆ ಹೊತ್ತಿಗೆ ಬೇಡ. ತನ್ನ ತಪ್ಪೇನೆಂದು ಹುಡುಕುತ್ತಿರುವವಳ ಕೈಗೆ ನಾವು ಕಲ್ಲು ಕೊಟ್ಟಂತಾಗುತ್ತದೆ. ದೂರದಲ್ಲಿರುವ ಗಂಡನಿಗೆ ಆಸ್ಪತ್ರೆಯವರು ಹೇಳಿದ್ದನ್ನು ಹೇಳಿದ ಹಾಗೆಯೇ ತಿಳಿಸಿ. ಅವನೂ ಅಲ್ಲಿ ಒಬ್ಬನೇ ಕುಳಿತು ಚಿತ್ರಗಳನ್ನು ನೋಡಿ ಹೆದರುತ್ತಿರುತ್ತಾನೆ. ಮರುಪರೀಕ್ಷೆ ಸರಿ ಬಂದ ತಿಂಗಳುಗಳ ನಂತರವೂ ತಾಯಿಗೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಸುಮ್ಮನೆ ಅಳು ಬರುತ್ತದೆ ಎಂದಾದರೆ ಅದು ಸೊಕ್ಕೂ ಅಲ್ಲ, ಹಟವೂ ಅಲ್ಲ. ಬಾಣಂತಿಯರ ಮನಸ್ಸಿಗೆ ಬರುವ ಕಾಯಿಲೆಗೂ ವೈದ್ಯರಿದ್ದಾರೆ, ಕರೆದುಕೊಂಡು ಹೋಗಿ.

ಆಸ್ಪತ್ರೆಯವರಲ್ಲಿಯೂ ಒಂದು ವಿನಂತಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯರಿಗೆ ಕೌಂಟರಿನಿಂದಲೇ ಗಟ್ಟಿಯಾಗಿ "ನಿಮ್ಮ ಸಹಿ ಸರಿ ಇಲ್ಲ" ಎಂದುಬಿಟ್ಟೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮರುಸಹಿ ಸರಿಯಾಗಿಯೇ ಇತ್ತು, ಹಣವನ್ನೂ ಕೊಟ್ಟೆ. ಆದರೆ ಆಮೇಲೆ ಅವರು ಬಂದಾಗಲೆಲ್ಲ ನನ್ನ ಎದುರು ಪೆನ್ನು ಹಿಡಿದ ಅವರ ಕೈ ಮೊದಲಿಗಿಂತ ಹೆಚ್ಚು ನಡುಗುತ್ತಿತ್ತು. ತಪ್ಪು ಅವರದಲ್ಲ, ಹೇಳುವ ಕ್ರಮ ತಿಳಿಯದ ನನ್ನದು. ರಕ್ತ ತೆಗೆಯುವ ಮುಂಚೆಯೇ "ಇದು ಜರಡಿ, ಮತ್ತೆ ಕರೆಯಬಹುದು, ಕರೆದರೆ ಕಾಯಿಲೆ ಇದೆಯೆಂದೇ ಅರ್ಥವಲ್ಲ, ಆದರೆ ಬರಲೇಬೇಕು" ಎಂದು ನಾಲ್ಕು ಮಾತನ್ನು ತಾಯಿಗೆ ಹೇಳಿದ್ದರೆ ಆಮೇಲೆ ಬರುವ ಫೋನು ಸಿಡಿಲಿನಂತೆ ಬಡಿಯುವುದಿಲ್ಲ.

ನಮ್ಮ ಮೊಮ್ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಬಾಯಿ ಜೋರು. ವೈದ್ಯರ ಆಟ ಆಡುವಾಗ ನನ್ನನ್ನು ಮಲಗಿಸಿ "ಅಜ್ಜ, ಆ ಮಾಡಿ" ಎಂದು ನಾಲಗೆ ನೋಡುತ್ತಾಳೆ. ಅವಳಿಗೆ ಯಾವುದೂ ಗೊತ್ತಿಲ್ಲ. ಮಗಳು ಮಾತ್ರ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ನಗುತ್ತಾಳೆ. ಆ ನಗು ಮರಳಿ ಬರಲು ಬೇಕಾಗಿದ್ದದ್ದು ಐದು ನಿಮಿಷದ ಒಂದು ವಿವರಣೆ. ನಿಮ್ಮ ಮನೆಯಲ್ಲಿ ಅದು ಮೊದಲ ದಿನವೇ ಸಿಗಲಿ.